ಪೆಂಗ್ವಿನ್ ದಂಡೆಯಲ್ಲಿ ಸಿಕ್ಕವಳು

ಓಷನ್ ವ್ಯೂ, ಕೇಪ್
೬ ಡಿಸೆಂಬರ್ ೧೯೯೭, ಶನಿವಾರ ಬೆಳಿಗ್ಗೆ

ಮುದ್ದಿನ ಇಗ್ಶಾನ್‌ಗೆ ಅಮ್ಮನ ಸಲಾಮು,

ಹೇಗಿದ್ದೀಯಪ್ಪಾ? ಹೊಟ್ಟೆಯ ಉರಿ ಕಡಿಮೆಯಾಯಿತೋ, ಇಲ್ಲ ಇನ್ನೂ ಹಡಗಿನ ಅಡುಗೆಯವನು ಕೊಟ್ಟ ಎಣ್ಣೆ ಸುರಿಯುವ ಆಲೂಗಡ್ಡೆಯನ್ನೇ ತಿನ್ನುತ್ತಿದ್ದೀಯೋ? ಹೋದ ಪತ್ರದಲ್ಲಿ ನೀನು ‘ಎಲ್ಲ ಚೆನ್ನಾಗಿದೆ’ ಎಂದು ಎರಡು ಸಲ ಬರೆದಿದ್ದೆ. ಎರಡು ಸಲ ಬರೆದಿದ್ದೀಯ ಎಂದರೆ ಏನೋ ಚೆನ್ನಾಗಿಲ್ಲ ಎಂದೇ ನಾನು ತಿಳಿದುಕೊಂಡಿದ್ದೇನೆ. ವಾಲ್ವಿಸ್ ಬೇ ಬಂದರಿನ ಮಂಜಿನಲ್ಲಿ ಎದೆ ಮುಚ್ಚಿಕೊಳ್ಳದೆ ಓಡಾಡಬೇಡ. ನನ್ನ ಮಂಡಿ ಹಾಗೇ ಇದೆ. ಇಲ್ಲಿ ಬೇಸಿಗೆಯ ಗಾಳಿ ಶುರುವಾಗಿದೆ. ಒಣಗಹಾಕಿದ ಬಟ್ಟೆಯೆಲ್ಲ ಹಾರಿ ಪಕ್ಕದ ಮನೆಯವಳ ಅಂಗಳಕ್ಕೆ ಬೀಳುತ್ತದೆ, ಅವಳು ಮಡಿಸಿ ತಂದುಕೊಡುವಾಗ ಯಾವಾಗಲೂ ಒಂದು ದಿಂಬಿನ ಚೀಲ ಕಡಿಮೆ. ನಾನು ಏನೂ ಹೇಳಿಲ್ಲ, ಸುಮ್ಮನೆ ನೋಡುತ್ತಿದ್ದೇನೆ. ನಿನ್ನ ಹೆಂಡತಿ ಶನಾಜ್ ಚೆನ್ನಾಗಿದ್ದಾಳೆ. ಕಾರು ಓಡಿಸಲು ಕಲಿತಿದ್ದೇನೆ ಎನ್ನುತ್ತಾಳೆ, ಆದರೆ ಆ ಸಂಗತಿ ಬ್ರೇಕಿಗೆ ಇನ್ನೂ ತಿಳಿದಂತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ, ನೀನು ಕೂತು ಓದು. ಸ್ವಲ್ಪ ದಿನದ ಹಿಂದೆ ನಮ್ಮ ಮನೆಯ ಮುಂದೆ ಒಂದು ಬಿಳಿ ಕಾರು ನಿಂತಿತು. ಇಳಿದವಳೂ ಬಿಳಿಯವಳೇ, ಮೂವತ್ತೈದರ ಆಸುಪಾಸು, ಕೈಯಲ್ಲಿ ಚರ್ಮದ ಚೀಲ. ಶವಸಂಸ್ಕಾರದ ವಿಮೆ ಮಾರುವವಳು ಎಂದುಕೊಂಡು ಬಾಗಿಲನ್ನು ಅರ್ಧವೇ ತೆರೆದೆ. “ಕೂಸಿಸ್ಟರ್ ತಿಂಡಿ ಮಾಡೋ ದೀಜಾ ಅಂದ್ರೆ ನೀವೇನಾ?” ಎಂದಳು. ನನ್ನ ಮಗಳ ವಯಸ್ಸಿನವಳು, ಹೆಸರು ಹಿಡಿದು ಕರೆದಳು. ಅವಳ ಹೆಸರು ಲಿನೆಟ್ ಅಂತೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಮರೆವು ಶುರುವಾಗಿದೆಯಂತೆ, ಕೂತಲ್ಲಿ ನಿಂತಲ್ಲಿ ‘ದೀಜಾ, ದೀಜಾ’ ಎನ್ನುತ್ತಾಳಂತೆ. ಯಾರು ಎಂದು ಕೇಳಿದರೆ, ಸೈಮನ್ಸ್ ಟೌನಿನಲ್ಲಿ ನಮ್ಮ ಮನೆಗೆಲಸಕ್ಕಿದ್ದ ಹುಡುಗಿ, ಈಗ ಓಷನ್ ವ್ಯೂನಲ್ಲಿದ್ದಾಳೆ ಎಂದಳಂತೆ. “ಒಂದ್ಸಲ ಬಂದು ಮುಖ ತೋರಿಸ್ತೀರಾ? ಅಮ್ಮಂಗೆ ಪೆಂಗ್ವಿನ್ ಅಂದ್ರೆ ಇಷ್ಟ, ಆ ಬಂಡೆಗಳ ದಂಡೆಗೆ ಕರ್ಕೊಂಡ್ಬರ್ತೀನಿ” ಎಂದು ಕೇಳಿದಳು. ನಾನು ಯಾರ ಮನೆಯಲ್ಲೂ ಕೆಲಸಕ್ಕಿದ್ದವಳಲ್ಲ ಎಂಬುದು ನಿನಗೆ ಗೊತ್ತು. ಹಾಗೆಂದು ಬಾಗಿಲು ಹಾಕಬೇಕು ಎನ್ನುವಷ್ಟರಲ್ಲಿ ಅವಳು ಅಮ್ಮನ ಫೋಟೋ ತೆಗೆದು ತೋರಿಸಿದಳು. ಮುತ್ತಿನ ಸರ, ಕತ್ತರಿಸಿದ ಕೂದಲು, ಕೆಳಗೆ ರೂತ್ ಎಂಬ ಹೆಸರು. ಇಗ್ಶಾನ್, ಅದು ರುಗಾಯಾ.

ನಿನ್ನ ಚಿಕ್ಕಮ್ಮನ ಕಥೆ ನಿನಗೆ ಗೊತ್ತೇ ಇದೆ. ನಮ್ಮಲ್ಲೆಲ್ಲ ಅವಳೊಬ್ಬಳದೇ ಹಾಲಿನಂಥ ಮೈಬಣ್ಣ. ಇಪ್ಪತ್ತರ ವಯಸ್ಸಿನಲ್ಲಿ ಪೇಟೆಯ ಟೋಪಿ ಅಂಗಡಿಗೆ ಕೆಲಸಕ್ಕೆ ಹೋದಳು. ಅಲ್ಲಿ ಯಾರೂ ಇವಳನ್ನು ಏನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಬಿಳಿಯರ ಹುಡುಗನನ್ನು ಮದುವೆಯಾಗಿ ಬಿಳಿಯಳೇ ಆಗಿಬಿಟ್ಟಳು. ಬೇರೆ ಬಣ್ಣದವರ ಮದುವೆ ಕಾನೂನಿಗೆ ವಿರುದ್ಧವಾಗಿದ್ದ ಆ ಕಾಲದಲ್ಲಿ ನಿಜ ಗೊತ್ತಾದರೆ ಗಂಡನೂ ಜೈಲು, ಹೆಂಡತಿಯೂ ಜೈಲು. ಅಷ್ಟು ನನಗೂ ಅರ್ಥವಾಗುತ್ತಿತ್ತು. ಆದರೆ ನೀನು ಕಂಕುಳಲ್ಲಿದ್ದಾಗ ಒಂದು ದಿನ ರೈಲು ನಿಲ್ದಾಣದಲ್ಲಿ ಅವಳನ್ನು ಕಂಡು ‘ರುಗಾಯಾ!’ ಎಂದು ಕೂಗಿದೆನಲ್ಲ, ಆಗ ದೀಪದ ಕಂಬವನ್ನು ನೋಡುವ ಹಾಗೆ ನನ್ನನ್ನು ನೋಡಿ, ಕೈಗವಸು ಸರಿಮಾಡಿಕೊಂಡು ಬಿಳಿಯರ ಡಬ್ಬಿ ಹತ್ತಿದಳಲ್ಲ, ಅದು ಮಾತ್ರ ನನಗೆ ಇವತ್ತಿಗೂ ಅರಗಿಲ್ಲ. ನಮ್ಮ ಅಬ್ಬಾ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ.

ಅಂಥವಳಿಗೆ ಈಗ ನಾನೇಕೆ ನೆನಪಾಗಬೇಕು? ಬಣ್ಣದ ಕಾರಣಕ್ಕೆ ಸೈಮನ್ಸ್ ಟೌನಿನಿಂದ ಎತ್ತಂಗಡಿಯಾದ ನಮ್ಮಂಥವರು ಹಳೇ ಮನೆಯ ಹಕ್ಕು ಕೇಳಬಹುದು ಎಂದು ಸರ್ಕಾರ ಹೇಳುತ್ತಿರುವ ಕಾಲ ಇದು. ಬೆಟ್ಟದ ಮೇಲಿನ ನಮ್ಮ ಮನೆಗೆ ಅವಳೂ ವಾರಸುದಾರಳು. ಮರೆವು ಎನ್ನುವುದು ನೆಪ, ನನ್ನನ್ನು ಕೆಲಸದವಳು ಎನ್ನುವುದು ಇನ್ನೊಂದು ನೆಪ, ಒಳಗೆ ಏನೋ ಇದೆ ಎಂದು ನನಗೆ ಖಾತ್ರಿಯಾಯಿತು. ಶನಾಜ್ ಕೇಳಿ ನಕ್ಕಳು. “ಅತ್ತೇ, ಚಂದ್ರ ಹುಟ್ಟಿದ್ರೂ ನೀವು ಯಾಕೆ ಹುಟ್ಟಿದ ಅಂತ ಕೇಳೋರು” ಎಂದಳು. ಕೇಳಿದರೆ ತಪ್ಪೇನು? ಆದರೂ ಗುರುವಾರ ಶನಾಜ್ ಜೊತೆ ಕಾರಿನಲ್ಲಿ ಹೋದೆ. ಅವಳು ಏನು ಮಾಡುತ್ತಾಳೆ ನೋಡೋಣ ಎಂದೇ ಹೋದೆ, ಬೇರೇನೂ ಅಲ್ಲ.

ಆ ದಂಡೆಗೆ ನಾನು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಊರೆಲ್ಲ ಗಾಳಿಗೆ ಮರಳು ಹಾರುತ್ತಿದ್ದರೂ ಆ ದೊಡ್ಡ ಬಂಡೆಗಳ ನಡುವೆ ನೀರು ಬಟ್ಟಲಿನಲ್ಲಿಟ್ಟಂತೆ ತಣ್ಣಗಿರುತ್ತದೆ. ನಾನೂ ರುಗಾಯಾಳೂ ಈಜು ಕಲಿತದ್ದು ಅಲ್ಲೇ. ಆಮೇಲೆ ಬಿಳಿಯರಿಗೆ ಮಾತ್ರ ಎಂಬ ಫಲಕ ಬಂತು, ಆಮೇಲೆ ನಮ್ಮನ್ನು ಲಾರಿಯಲ್ಲಿ ತುಂಬಿ ಇಲ್ಲಿಗೆ ತಂದು ಸುರಿದರು. ಈಗ ನೋಡಿದರೆ ಎಲ್ಲೆಲ್ಲೂ ಪೆಂಗ್ವಿನ್ನುಗಳು. ಈ ಹಕ್ಕಿಗಳನ್ನೂ ನಾನು ನಂಬುವುದಿಲ್ಲ. ನಮ್ಮನ್ನು ಓಡಿಸಿದ ಮೇಲೆ ಒಂದೆರಡು ಜೋಡಿ ಎಲ್ಲಿಂದಲೋ ಬಂದು ಸೇರಿಕೊಂಡವಂತೆ. ಇವತ್ತು ಅವಕ್ಕೆ ಬೇಲಿ, ಕಾವಲು, ಪೊದೆಯೊಳಗೆ ಗೂಡು, ಎಲ್ಲ ಉಂಟು. ಯಾವ ಬಣ್ಣದವೆಂದು ಯಾರೂ ಕೇಳಲಿಲ್ಲ. ಕೇಳಿದರೂ ಅವಕ್ಕೆ ಎರಡೂ ಬಣ್ಣ ಇದೆಯಲ್ಲ! ಹಳೇ ಗರಿ ಉದುರುವ ಕಾಲವಾದ್ದರಿಂದ ಎಷ್ಟೋ ಪೆಂಗ್ವಿನ್ನುಗಳು ಹರಿದ ಹಾಸಿಗೆಯಂತೆ ನಿಂತಿದ್ದವು. ಮೀನಿನ ನಾತ. ನಡುನಡುವೆ ಕತ್ತೆಯಂತೆ ಅರಚಾಟ.

ರುಗಾಯಾ ಮಡಿಸುವ ಕುರ್ಚಿಯ ಮೇಲೆ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ ಗೊತ್ತಾ! ನಾನು ಎದುರು ನಿಂತೆ. ಮೇಲಿಂದ ಕೆಳಗೆ ನೋಡಿದಳು. “ಲಿನೆಟ್, ಈ ಹೆಂಗಸಿಗೆ ಹೇಳು, ನನ್ನ ಕುರ್ಚಿ ನೆರಳಿಗೆ ಹಾಕ್ಲಿ” ಎಂದಳು. ಶನಾಜ್ ಹಿಂದೆ ಹಲ್ಲು ಕಡಿದದ್ದು ನನಗೆ ಕೇಳಿಸಿತು. ನಾನು ಕುರ್ಚಿ ಎತ್ತಿ ಹಾಕಿದೆ. ಕೇಳಬೇಕೆಂದು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಂಡು ಹೋಗಿದ್ದೆ. ನಮ್ಮ ಕುಂಟ ಬೆಕ್ಕಿನ ಹೆಸರೇನು, ಈದ್ ದಿನ ಅಮ್ಮ ಏನು ಮಾಡುತ್ತಿದ್ದಳು, ಎಂದು. ಲಿನೆಟ್‌ಗೆ ಕೇಳಿಸದ ಹಾಗೆ ಬಗ್ಗಿ ಒಂದೊಂದಾಗಿ ಕೇಳಿದೆ. “ನಿನ್ನನ್ನ ಎಲ್ಲೋ ನೋಡಿದ್ದೀನಿ” ಎನ್ನುತ್ತಾಳೆ, ಪೆಂಗ್ವಿನ್ ಕಡೆ ತಿರುಗುತ್ತಾಳೆ. ಆದರೆ ನಮ್ಮಮ್ಮನ ಹೆಸರೆತ್ತಿದಾಗ ಅವಳ ಕತ್ತಿನ ನರ ಹಾರಿತು. ಮರೆತವರ ನರ ಹಾಗೆ ಹಾರುವುದಿಲ್ಲ. ಇವಳು ಇನ್ನೂ ನಾಟಕವಾಡುತ್ತಿದ್ದಾಳೆ, ನಿಲ್ದಾಣದಲ್ಲಿ ಆಡಿದ ಅದೇ ನಾಟಕ ಎಂದುಕೊಂಡೆ.

ಅಷ್ಟರಲ್ಲಿ ಲಿನೆಟ್ ಚಹಾದ ಫ್ಲಾಸ್ಕ್ ತರಲು ಕಾರಿಗೆ ಹೋದಳು. ರುಗಾಯಾ ತಟ್ಟನೆ ಎದ್ದು, ಚಪ್ಪಲಿ ಬಿಟ್ಟು, ಸೀದಾ ನೀರಿಗೆ ಇಳಿದುಬಿಟ್ಟಳು. ಮಂಡಿಯವರೆಗೆ, ತೊಡೆಯವರೆಗೆ. ಪಕ್ಕದಲ್ಲೇ ಒಂದು ಪೆಂಗ್ವಿನ್ ಮುಳುಗಿ ಬಾಣದಂತೆ ಹೋಯಿತು. ನಾನು ಲಂಗ ಎತ್ತಿಕೊಂಡು ಹಿಂದೆಯೇ ಓಡಿ ತೋಳು ಹಿಡಿದೆ. ಐಸಿನಂಥ ನೀರು. ಅವಳು ತಿರುಗಿ ನೋಡಲಿಲ್ಲ. ಸಮುದ್ರದ ಕಡೆಗೇ ಮುಖ ಮಾಡಿ, “ದೀಜಾ, ಹುಡುಗಿಗೆ ಏನೂ ಗೊತ್ತಿಲ್ಲ ಕಣೇ. ಹೇಳ್ಬೇಡ” ಎಂದಳು.

ನಮ್ಮ ಮನೆಯ ದನಿ, ಇಗ್ಶಾನ್. ನಮ್ಮ ಅಡುಗೆಮನೆಯ ಮಾತು.

“ಹಾಗಾದ್ರೆ ನಿಂಗೆ ಎಲ್ಲಾ ನೆನಪಿದೆ” ಎಂದೆ. “ನೆನಪಿಲ್ದೆ ಏನು? ಮರೆವು ಅಂದ್ರೆ ಮಾತ್ರ ಆ ಮನೇಲಿ ನಿನ್ ಹೆಸರು ಬಾಯಿಬಿಟ್ಟು ಹೇಳ್ಬಹುದು. ಬೇರೆ ದಾರಿ ಇರ್ಲಿಲ್ಲ” ಎಂದಳು. ಅವಳನ್ನು ಅಲ್ಲೇ ನೀರಿನಲ್ಲಿ ಅದ್ದಿಬಿಡೋಣ ಎನ್ನಿಸುವಷ್ಟು ಸಿಟ್ಟು ಬಂತು. “ಅವತ್ತು ಸ್ಟೇಷನ್ನಲ್ಲಿ?” ಎಂದು ಕೇಳಿದೆ. “ಪಕ್ಕದಲ್ಲಿ ನನ್ ಗಂಡನ ತಾಯಿ ಇದ್ಳು” ಎಂದಳು. ಅಷ್ಟೇ. ನಾನು ಆ ಹೆಂಗಸನ್ನು ನೋಡಿರಲೇ ಇಲ್ಲ. “ಮನೆ ಹಕ್ಕಿಗೆ ಬಂದ್ಯಾ?” ಎಂದೆ. “ಯಾವ ಮನೆ?” ಎಂದಳು. ನೀರಿನೊಳಗೆ ನನ್ನ ಕೈಯನ್ನು ಹಿಡಿದುಕೊಂಡಳು, ದಡದಿಂದ ಯಾರಿಗೂ ಕಾಣದ ಹಾಗೆ. ಬಿಡಿಸಿಕೊಳ್ಳೋಣ ಎಂದರೆ ಬಿಡಲಿಲ್ಲ. ನಾನೂ ಹೆಚ್ಚೇನೂ ಎಳೆಯಲಿಲ್ಲ ಎನ್ನು.

ಲಿನೆಟ್ ಕೂಗುತ್ತಾ ಓಡಿಬಂದಳು. ದಡಕ್ಕೆ ಬಂದ ಕೂಡಲೇ ಇವಳು ಮತ್ತೆ ರೂತ್. “ಥ್ಯಾಂಕ್ಯೂ ಹುಡುಗಿ” ಎಂದಳು ನನಗೆ. ಶನಾಜ್ ಬಾಯಿ ತೆರೆದಳು, ನಾನು ಅವಳ ಕಾಲು ತುಳಿದೆ. ಲಿನೆಟ್ ಕಣ್ಣು ಒರೆಸಿಕೊಳ್ಳುತ್ತಾ ನನಗೆ ಚಹಾ ಕೊಟ್ಟಳು. ಒಳ್ಳೆಯ ಹುಡುಗಿ ಎಂದೇ ಕಾಣುತ್ತದೆ, ಅದಕ್ಕೇ ಭಯ. “ದೀಜಾ, ಅಮ್ಮ ಚಿಕ್ಕವರಿದ್ದಾಗ ಹೇಗಿದ್ರು? ಅವರ ಮನೆ ವಿಷಯ ಏನೂ ಹೇಳೋದೇ ಇಲ್ಲ. ನಮ್ ತಾತ ನೌಕಾಪಡೇಲಿ ದೊಡ್ಡ ಅಧಿಕಾರಿ ಆಗಿದ್ರಂತೆ, ನೀವು ನೋಡಿದ್ರಾ?” ಎಂದು ಕೇಳಿದಳು.

ನಾನು ರುಗಾಯಾಳನ್ನು ನೋಡಿದೆ. ಅವಳು ಟವೆಲಿನೊಳಗೆ ಉಸಿರು ಹಿಡಿದು ಕೂತಿದ್ದಳು. ಒಂದೇ ಒಂದು ಮಾತು, ಇಗ್ಶಾನ್. ಆಡಿದ್ದರೆ ಆ ಮುತ್ತಿನ ಸರ, ಆ ಹೆಸರು, ಎಲ್ಲ ಮರಳಿಗೆ ಉದುರುತ್ತಿತ್ತು. ಬರಿಗಾಲಿನಲ್ಲಿ ಬಲೆ ಎಳೆದ ನನ್ನ ಅಬ್ಬಾನನ್ನು ಅಧಿಕಾರಿ ಮಾಡಿ ಕೂರಿಸಿದ್ದಾಳಲ್ಲ ಎಂದುಕೊಂಡು ಚಹಾದ ಲೋಟ ಕೆಳಗಿಟ್ಟೆ. “ನೋಡಿದ್ದೀನಿ. ಸಮುದ್ರದ ಮೇಲಿದ್ರು. ಬಹಳ ಗೌರವಸ್ಥರು. ಎಲ್ರೂ ಅವರ ದಾರಿ ಕಾಯ್ತಿದ್ರು” ಎಂದೆ. ಒಂದಕ್ಷರ ಸುಳ್ಳಲ್ಲ. ಅವನ ದೋಣಿಯ ದಾರಿಯನ್ನು ಇಡೀ ಬೀದಿಯೇ ಕಾಯುತ್ತಿತ್ತಲ್ಲ. “ಇವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಇದೇ ನೀರಿಗೆ ಇಳೀತಿದ್ರು” ಎಂದೂ ಹೇಳಿದೆ. ರುಗಾಯಾ ಮುಖ ತಿರುಗಿಸಿ ಹಕ್ಕಿಗಳ ಕಡೆ ನೋಡತೊಡಗಿದಳು.

ಬರುವಾಗ ಕಾರಿನಲ್ಲಿ ಶನಾಜ್ ಅಳುತ್ತಾ ನನ್ನನ್ನು ಬೈದಳು. “ಯಾಕತ್ತೆ ಅವಳ ಚಾಕರಿ ಮಾಡಿದ್ರಿ? ನಿಮಗೆ ಮಾನ ಇಲ್ವಾ?” ಎಂದಳು. ಏನೆಂದು ಹೇಳಲಿ? ಹೇಳುವುದಾದರೆ ಅವಳೇ ತನ್ನ ಮಗಳಿಗೆ ಹೇಳಬೇಕು. ನನ್ನ ಬಾಯಿಂದ ಬಂದರೆ ಅದು ನಾನು ಸೇಡು ತೀರಿಸಿಕೊಂಡಂತೆ. ಆದರೆ ನಾನು ಅವಳನ್ನು ಕ್ಷಮಿಸಿದ್ದೇನೆ ಎಂದು ನೀನು ತಿಳಿಯಬೇಡ. ನೀರಿನೊಳಗೆ ಹಿಡಿದ ಕೈಯನ್ನು ದಡದ ಮೇಲೆ ಹಿಡಿಯದವಳನ್ನು ಹೇಗೆ ನಂಬುವುದು? ಎರಡು ದಿನದಿಂದ ಅದನ್ನೇ ಯೋಚಿಸಿ ಯೋಚಿಸಿ ನಿನ್ನೆ ಕರಿದ ಕೂಸಿಸ್ಟರಿಗೆ ಸಕ್ಕರೆ ಪಾಕ ಹೆಚ್ಚಾಯಿತು. ನೀನಾಗಿದ್ದರೆ ಏನು ಮಾಡುತ್ತಿದ್ದೆ, ಬರೆ.

ಜೊತೆಯವರಿಗೆಲ್ಲ ನನ್ನ ಸಲಾಮು ತಿಳಿಸು, ಆ ಅಡುಗೆಯವನೊಬ್ಬನನ್ನು ಬಿಟ್ಟು. ನಿನ್ನ ಬಲೆ ತುಂಬಲಿ, ಕಡಲು ನಿನ್ನ ಮೇಲೆ ಕರುಣೆಯಿಂದಿರಲಿ, ರಂಜಾನಿನ ಹೊತ್ತಿಗೆ ಅಲ್ಲಾಹನು ನಿನ್ನನ್ನು ಮನೆಗೆ ಮುಟ್ಟಿಸಲಿ.

ನಿನ್ನ ಅಮ್ಮ,
ಗದೀಜಾ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಆ ಬಿಳಿ ಕಾರು ಮತ್ತೆ ಬಂದು ನಿಂತಿದೆ, ಅದಕ್ಕೇ ಅಕ್ಷರ ವಕ್ರ. ಲಿನೆಟ್ ಬಾಗಿಲಲ್ಲಿ ನಿಂತಿದ್ದಾಳೆ, ಕಣ್ಣು ಊದಿಕೊಂಡಿದೆ. ತಾತನ ಬಗ್ಗೆ ನಾನು ಹೇಳಿದ್ದನ್ನು ಕೇಳಿದ ಮೇಲೆ ಅವಳಮ್ಮ ಎರಡು ದಿನ ಊಟ ಬಿಟ್ಟು, ಇವತ್ತು ಬೆಳಿಗ್ಗೆ ಎಲ್ಲವನ್ನೂ ಹೇಳಿದಳಂತೆ. “ನಿಮ್ಮನ್ನ ದೊಡ್ಡಮ್ಮ ಅಂತ ಕರೀಬಹುದಾ?” ಎಂದು ಕೇಳುತ್ತಿದ್ದಾಳೆ. ಮೊದಲು ಒಳಗೆ ಬಾ, ಆಮೇಲೆ ನೋಡೋಣ ಎಂದಿದ್ದೇನೆ. ಅವಳಮ್ಮ ಕಾರಿನಲ್ಲೇ ಕೂತಿದ್ದಾಳೆ. ಇಳಿಯುವುದಿಲ್ಲವಂತೆ. ಅಕ್ಕನೇ ಬಂದು, ಬೀದಿಯವರೆಲ್ಲ ಕೇಳುವ ಹಾಗೆ ಹಳೇ ಹೆಸರು ಹಿಡಿದು ಕರೆದರೆ ಮಾತ್ರ ಇಳಿಯುತ್ತಾಳಂತೆ. ಕೊಬ್ಬು ನೋಡು ಅವಳದು! ಇದರಲ್ಲೂ ಏನೋ ಇದ್ದೇ ಇರುತ್ತದೆ. ಪಕ್ಕದವಳು ಆಗಲೇ ಕಿಟಕಿಯಲ್ಲಿ ನಿಂತಿದ್ದಾಳೆ. ಕೂಗಿ ಕರೆಯಲು ಹೋಗುತ್ತಿದ್ದೇನೆ.