ಏಳು, ಬೆನ್ನು ನೇರ ಮಾಡ್ಕೋ

ಮಾರ್ಚ್ 3, ಬೆಳಿಗ್ಗೆ

ಅಖಂಡ ಸೂಜಿದಾರ ಮಂಡಲಾಧೀಶ್ವರ, ಮೂರು ಕೀಲಿ ಉದುರಿದ ಕೀಬೋರ್ಡಿನ ಏಕೈಕ ಒಡೆಯ, ನಮ್ಮಣ್ಣನ ಲ್ಯಾಪ್‌ಟಾಪ್ ಮಹಾಸ್ವಾಮಿಗಳ ಸನ್ನಿಧಾನಕ್ಕೆ — ಅಯೋಗ್ಯ ತಮ್ಮನ ಸಾಷ್ಟಾಂಗ ನಮಸ್ಕಾರ.

ಇಂದೂ ಅಣ್ಣನ ಹೆಸರಿಗೆ ಮೇಲ್. ‘ಸರ್, ಹೊಸ ವರ್ಷನ್‌ನಲ್ಲಿ ನಿಮ್ಮ ಪ್ಲಗಿನ್ ಓಡ್ತಿಲ್ಲ.’ ಸರ್ ಮಳೆಗಾಲದಲ್ಲೇ ತೀರಿಕೊಂಡರು. ಮೇಲ್ ಮಾಡುವವರಿಗೆ ಯಾರಿಗೂ ಹೇಳಿಲ್ಲ. ಎಂದಿನಂತೆ ಅವನ ಹೆಸರಲ್ಲೇ ಉತ್ತರ: ‘ನೋಡ್ತೀನಿ.’

ಕಸೂತಿ ಮಷಿನ್ನಿನ ಸಾಫ್ಟ್‌ವೇರ್. ದುಡ್ಡು ಕೊಟ್ಟು ಕೊಳ್ಳುವುದು. ಅದಕ್ಕೆ ಅಣ್ಣ ಪುಕ್ಕಟೆ ಬಾಲ ಅಂಟಿಸಿದ್ದ — ಒಂದೇ ಬಣ್ಣದ ಹೊಲಿಗೆಗಳನ್ನೆಲ್ಲ ಒಟ್ಟುಮಾಡಿ, ಮತ್ತೆಮತ್ತೆ ದಾರ ಬದಲಿಸುವ ಕಾಟ ತಪ್ಪಿಸುವ ಪ್ಲಗಿನ್. ಮಾಡಿದ್ದು ಅತ್ತಿಗೆಗೆ. ಬಳಸುವುದು ಯಾರುಯಾರೋ. ಕೆಲಸ ಮುಗಿದರೆ ಪರದೆಯ ಮೇಲೆ ಒಂದು ಸಾಲು: ‘ಏಳು, ಬೆನ್ನು ನೇರ ಮಾಡ್ಕೋ.’ ಅತ್ತಿಗೆ ಏಳುತ್ತಾರೆ. ಈಗಲೂ.

ಮಾರ್ಚ್ 4

ಅತ್ತಿಗೆ ಕೆಲಸ ಮಾಡುವ ಅಂಗಡಿಗೂ ಹೊಸ ವರ್ಷನ್ ಬಂತು. ಅವರು ಮುಟ್ಟುತ್ತಿಲ್ಲ. ಮೂಲೆಯ ಹಳೇ ಕಂಪ್ಯೂಟರಿಗೇ ಅಂಟಿಕೊಂಡಿದ್ದಾರೆ. ಅಂಗಡಿಯ ಯಜಮಾನಿ ಅಂದರಂತೆ, "ಸೋಮವಾರ ಅದು ಗುಜರಿಗೆ. ಹೊಸದರಲ್ಲಿ ಕೂರಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

"ಕೂತ್ಬಿಡಿ ಅತ್ತಿಗೆ. ಯಾವುದಾದ್ರೇನು?"

"ಅದರಲ್ಲಿ ನಿಮ್ಮಣ್ಣ ಇಲ್ಲ ಕಣೋ."

ಒಂದೂ ತಮಾಷೆ ಮಾಡದೆ ಮನೆಗೆ ಬಂದು ಮಹಾಸ್ವಾಮಿಗಳ ಮುಚ್ಚಳ ತೆರೆದೆ. ಮಾನವ ಇತಿಹಾಸದಲ್ಲೇ ಮೊದಲು.

ಮಾರ್ಚ್ 5, ಮಧ್ಯಾಹ್ನ

ಪ್ಲಗಿನ್ ಬಿಚ್ಚಿದೆ. ಕೋಡಿನ ನಡುನಡುವೆ ಅಣ್ಣನ ಟಿಪ್ಪಣಿಗಳು. ‘ಇಲ್ಲಿ ಯಾರೂ ಕೈ ಹಾಕಬೇಡಿ.’ ಹಾಕಿದೆ. ಕೆಳಗೆ: ‘ಹಾಕಿದ್ಯಲ್ಲ ಕೋತಿ.’

ತಿರುಗಿ ನೋಡಿದೆ. ಕುರ್ಚಿಯ ಮೇಲೆ ಮಡಚದ ಬಟ್ಟೆ, ಅಷ್ಟೇ. ಆದರೂ ಬೆನ್ನ ಹಿಂದೆ ಅವನು ಉಗುರು ಕಚ್ಚುವ ಸದ್ದು...

ಮಾರ್ಚ್ 8

ಬರೆಯಲು ಪುರುಸೊತ್ತಿಲ್ಲ. ಕೆಂಪು ಸರಿಹೋದರೆ ಹಸಿರು ಕೆಡುತ್ತದೆ.

ಕಂಪನಿಯಿಂದ ಅಣ್ಣನಿಗೆ ಪ್ರಶ್ನೆ: ‘ನಮ್ಮ ಸಾಫ್ಟ್‌ವೇರಿಗೆ ಪ್ಲಗಿನ್ ಯಾಕೆ ಮಾಡುತ್ತೀರಿ? ಹಣ, ಹೆಸರು, ಕಲಿಕೆ, ಹವ್ಯಾಸ — ಟಿಕ್ ಹಾಕಿ.’ ನ್ಯಾಯಾಧೀಶರ ಗಾಂಭೀರ್ಯದಿಂದ ನಾಲ್ಕನ್ನೂ ವಜಾ ಮಾಡಿದೆ. ‘ಇತರೆ’ ಎಂಬಲ್ಲಿ ಬರೆದೆ — ಹೆಂಡತಿಯ ಬೆನ್ನುನೋವು. ಕಳಿಸಿದ ಮೇಲೆ ಹೊಳೆಯಿತು, ಅದು ಅಣ್ಣನ ಉತ್ತರ. ನನ್ನದು? ಸತ್ತವನನ್ನು ಇನ್ನೂ ಸ್ವಲ್ಪ ದಿನ ಕೆಲಸದಲ್ಲಿ ಇಟ್ಟುಕೊಳ್ಳುವುದು. ಅದಕ್ಕೆ ಟಿಕ್ ಹಾಕಲು ಜಾಗವಿಲ್ಲ.

ಮಾರ್ಚ್ 9, ಸೋಮವಾರ

ಓಡಿತು. ಅತ್ತಿಗೆಯ ಪಕ್ಕದಲ್ಲೇ ನಿಂತಿದ್ದೆ. ಕೊನೆಯ ಬಣ್ಣವೂ ಕೂಡಿತು, ಸಾಲು ಮೂಡಿತು. ಅತ್ತಿಗೆ ಎದ್ದರು. ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬಂದ್ರು ನೋಡು," ಎಂದರು, ಯಜಮಾನಿಗೆ ಕೇಳದಷ್ಟು ಮೆಲ್ಲಗೆ.

ಮಾರ್ಚ್ 10

ಮಹಾಸ್ವಾಮಿಗಳೇ, ನಿಮಗೊಬ್ಬರಿಗೇ. ಆ ಸಾಲು ಅಣ್ಣನದಲ್ಲ. ಅತ್ತಿಗೆಯನ್ನು ಬೆಚ್ಚಿಬೀಳಿಸೋಣವೆಂದು ಅವನ ಕಣ್ಣುತಪ್ಪಿಸಿ ನಾನೇ ತುರುಕಿದ್ದು. "ನೀವೇನಾ?" ಎಂದು ಅತ್ತಿಗೆ ಕೇಳಿದಾಗ ಅಣ್ಣ ನನ್ನ ಕಡೆ ನೋಡಿ ನಕ್ಕ. ಬಾಯಿ ಬಿಡಲಿಲ್ಲ. ‘ಕೋತಿ’ ಟಿಪ್ಪಣಿ ಇರುವುದು ಆ ಸಾಲಿನ ಮೇಲೆಯೇ. ಬೈದನೇ ಹೊರತು ಅಣ್ಣ ಸಾಲನ್ನು ಅಳಿಸಿರಲಿಲ್ಲ.

ಇಂದು ಹೇಳಿಬಿಡೋಣವೆಂದು ಹೋದೆ.

"ಅತ್ತಿಗೆ, ಆ ಸಾಲು..."

"ಏನೋ?"

"ಏನಿಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡ್ಲಾ ಅಂತ."

"ಮಾಡು. ಅವರಿಗೂ ಕಣ್ಣು ಮಂಜಾಗಿತ್ತು," ಎಂದರು. ಈಗ ಅದನ್ನೇ ಮಾಡುತ್ತಾ ಕೂತಿದ್ದೇನೆ.