ಟರ್ನ್ಡ್ ಡೌನ್

ಮಾರ್ಚ್ ೧೨, ಬುಧವಾರ

ಮೈ ಇನ್ನೂ ಉರಿಯುತ್ತಿದೆ. ಸಿಟ್ಟೋ ನಾಚಿಕೆಯೋ ತಿಳಿಯದು.

ಶುಕ್ರವಾರ ಅಮ್ಮನ ಕಣ್ಣಿನ ಆಪರೇಷನ್. ಜೊತೆಗಿರಲು ಎರಡು ದಿನ ರಜೆ ಕೇಳಿದ್ದೆ. ಮೇಲ್ವಿಚಾರಕ ಅರ್ಜಿಯ ಮೇಲೆ ‘ಟರ್ನ್ಡ್ ಡೌನ್’ ಎಂದು ಬರೆದು ಓದಿ ಹೇಳಿದ. ಗಾರ್ಮೆಂಟ್ಸಿನ ಇಸ್ತ್ರಿ ಕೋಣೆಯಲ್ಲಿ ಆರು ವರ್ಷದಿಂದ ಕೇಳುತ್ತಿರುವ ಮಾತು. ರೇಷ್ಮೆ ಬಂತೆಂದರೆ ಟರ್ನ್ ಡೌನ್, ಅಂದರೆ ಕಾವು ಇಳಿಸು. ಎರಡು ದಿನವನ್ನು ಒಂದಕ್ಕೆ ಇಳಿಸಿದ್ದಾನೆ ಅಂದುಕೊಂಡೆ.

“ಒಂದು ದಿನವಾದ್ರೂ ಕೊಟ್ರಲ್ಲ ಸಾರ್, ದೊಡ್ಡ ಉಪಕಾರ” ಎಂದು ಕೈಮುಗಿದೆ. ಆ ಮನುಷ್ಯ ನಕ್ಕು ಅರ್ಜಿಯನ್ನು ನನ್ನ ಕೈಗಿಟ್ಟ. ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. “ನೀನಿದ್ರೆ ನಂಗೇನು ಭಯ ಬಿಡು” ಅಂದಳು.

ಸಂಜೆ ಗುಂಡಿ ಹೊಲಿಯುವವಳು ಅರ್ಜಿ ನೋಡಿ, “ಅಯ್ಯೋ ಅಕ್ಕ, ರಜೆ ಕೊಡಲ್ಲ ಅಂತ ಬರ್ದಿದಾನೆ. ಇಲ್ಲ ಅನ್ನಿಸ್ಕೊಂಡು ಕೈಮುಗಿದು ಬಂದ್ಯಾ?” ಅಂದಳು. ಕೋಣೆಯೆಲ್ಲ ನಕ್ಕಿತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ನಿಜ. ಅಷ್ಟು ಓದಿದವನ ಬಾಯಿಗೆ ‘ಇಲ್ಲ’ ಅನ್ನುವ ಎರಡಕ್ಷರ ಬರಲಿಲ್ಲವೇ? ನಾನು ತಪ್ಪು ತಿಳಿದದ್ದು ಗೊತ್ತಾದ ಮೇಲೂ ನಕ್ಕನಲ್ಲ, ಅದನ್ನು ಸಾಯುವತನಕ ಮರೆಯೆನು.

ಶುಕ್ರವಾರ ಹೋಗಿಯೇ ಹೋಗುತ್ತೇನೆ. ಕೆಲಸ ಹೋದರೆ ಹೋಗಲಿ. ಹೋಗಲಿ ಎಂದು ಬರೆದೆನೇನೋ ಸರಿ, ಕೆಲಸ ನಿಜಕ್ಕೂ ಹೋದರೆ…