ಹತ್ತನೆಯ ತೂತು

ಟಾಮ್ರಾಕ್ ಬೆಂಡ್, ಅಲಾಸ್ಕ
ಅಕ್ಟೋಬರ್ 9, ಗುರುವಾರ

ಪ್ರೀತಿಯ ಓರ್ವಿಲ್,

ಹೇಗಿದ್ದೀಯ ಮಾರಾಯ? ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಸೀಸೆಯನ್ನು ಇಲ್ಲೇ ಮರೆತು ಹೋದೆಯಾ ಎಂದು ಕೇಳಬೇಕೆಂದಿದ್ದೆ. ಈಗಷ್ಟೇ ಕಪಾಟು ನೋಡಿದೆ, ಮರೆತೇ ಹೋಗಿದ್ದೀಯ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ದೋಣಿ ಹತ್ತಿ ಎಂಟು ದಿನ. ಹೊಳೆಯ ಅಂಚಿಗೆ ಆಗಲೇ ಮಂಜುಗಡ್ಡೆ ಕಟ್ಟಿದೆ. ಹೊಗೆಗೂಡಿನಲ್ಲಿ ಸಾಲ್ಮನ್ ಮೀನು ಒಣಗಿದೆ. ಕರಡಿ ಎರಡು ಸಲ ಬಂದು ಮೂಸಿಕೊಂಡು ಹೋಗಿದೆ. ತಗಡು ಬಡಿದು ಓಡಿಸಿದೆ.

ಜಗಳವಾಡಿಕೊಂಡೇ ನಿನ್ನನ್ನು ಬೇಟೆಗೆ ಕಳಿಸಿದ್ದು ಮನಸ್ಸನ್ನು ಕೊರೆಯುತ್ತಿದೆ. ದೊಡ್ಡ ಗುಂಡಿನ ಒದೆತ ನನ್ನ ಭುಜಕ್ಕೆ ತಡೆಯದೆಂದು ನೀನೇ ಆ ಸಣ್ಣ ಗುಂಡಿನ ಕಿಟ್ಟು ತರಿಸಿದೆ. ನಿನ್ನ ಬೇಟೆಯ ರೈಫಲ್ಲಿನ ಹಿಂದುಗಡೆ ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ತೆಗೆದು, ಆ ಜಾಗದಲ್ಲಿ ಕಿಟ್ಟಿನದನ್ನು ಕೂರಿಸಿ, ಅದೇ ನಳಿಗೆಯಲ್ಲಿ ಪುಟಾಣಿ ಗುಂಡು ಹಾರಿಸುವುದನ್ನು ಕಲಿಸಿದೆ. "ಇದು ಒದೆಯಲ್ಲ ಕಣೇ, ಕಚಗುಳಿ ಇಡುತ್ತೆ" ಅಂದೆ. ನಿಜವೇ. ನಾನು ಹತ್ತು ಗುಂಡು ಹಾರಿಸಿದೆ, ಹಲಗೆಯಲ್ಲಿ ಒಂಬತ್ತು ತೂತು. ಕೊನೆಯದು ಮಾತ್ರ ಪುಸ್ ಎಂದಿತು. ಕಿವಿ ಮುಚ್ಚಿಕೊಂಡು ನಿಂತಿದ್ದ ನಿನಗೆ ಅದು ಕೇಳಿಸಲಿಲ್ಲ. "ಕಣ್ಣು ಮುಚ್ಕೊಂಡು ಹೊಡೆದ್ರೆ ಗುಂಡು ಕೆನಡಾಕ್ಕೇ ಹೋಗೋದು" ಎಂದು ಊಟದ ತನಕ ಆಡಿಕೊಂಡೆ. ಬಾಗಿಲಿನಷ್ಟು ಅಗಲದ ಹಲಗೆ! ತಪ್ಪಲು ನಾನೇನು ಕುರುಡಿಯೇ? ನಾನೂ ಬಿಡಲಿಲ್ಲ, ನಿನಗೋ ಮೂಗಿನ ತುದಿಯಲ್ಲೇ ಕೋಪ. "ಹತ್ತು ಗುಂಡಿಗೆ ನಳಿಗೆ ಏನ್ ಒರೆಸೋದು" ಎನ್ನುತ್ತ ದೊಡ್ಡ ಬೋಲ್ಟನ್ನು ಮತ್ತೆ ಕೂರಿಸಿ, ರೈಫಲ್ ಸುತ್ತಿಟ್ಟೆ. ಬೆಳಿಗ್ಗೆ ತಿರುಗಿಯೂ ನೋಡದೆ ಹೋದೆ.

ಮೂವತ್ತೊಂದು ವರ್ಷ ನಿನ್ನ ಜೊತೆ ಬಾಳಿ, ಒಂದು ತೂತಿಗಾಗಿ ಮುನಿಸಿಕೊಂಡು ಕೂರಲು ನನ್ನಿಂದಾಗದು. ಹೋಗಲಿ, ನಾನೇ ಸೋತೆ. ಗುರಿ ತಪ್ಪಿತು ಎಂದೇ ಇಟ್ಟುಕೋ. ಬೆಚ್ಚಗಿರು, ಬರಿಗಾಲಲ್ಲಿ ಓಡಾಡಬೇಡ, ಮಾಂಸ ಸಿಕ್ಕರೂ ಸಿಗದಿದ್ದರೂ ಹೊಳೆ ಹೆಪ್ಪುಗಟ್ಟುವ ಮೊದಲು ಮನೆ ಸೇರು.

ನಿನ್ನ ಹಟಮಾರಿ,
ವೆರ್ನಾ

ಮರೆತದ್ದು: ಓರ್ವಿಲ್, ರೈಫಲ್ ಮುಟ್ಟಬೇಡ! ಟಪಾಲು ವಿಮಾನದ ಡ್ವೇನ್ ಕಾಗದ ಒಯ್ಯಲು ಬಂದಿದ್ದಾನೆ. ನಗಲಿ ಎಂದು ನಮ್ಮ ಜಗಳ ಹೇಳಿದರೆ, ಅವನು ಕಾಫಿ ಕೆಳಗಿಟ್ಟ. "ಪುಸ್ ಅಂತಾ? ಹಂಗಾದ್ರೆ ಅದು ಹೊರಗೇ ಬಂದಿಲ್ಲ ವೆರ್ನಾ, ನಳಿಗೇಲೇ ಸಿಕ್ಕೊಂಡಿದೆ. ಅದರ ಹಿಂದೆ ದೊಡ್ಡ ಗುಂಡು ಹಾರಿಸಿದ್ರೆ ರೈಫಲ್ಲೇ ಮುಖಕ್ಕೆ ಸಿಡಿಯುತ್ತೆ" ಅಂದ. ಇಷ್ಟು ದಿನ ಬಾರದ ಕ್ಯಾರಿಬೂ ಜಿಂಕೆಗಳ ಮಂದೆ ಇವತ್ತು ನೀನು ಬಿಡಾರ ಹೂಡಿರುವ ಕೆರೆಯ ಹತ್ತಿರವೇ ಇದೆಯಂತೆ, ಮೇಲಿಂದ ನೋಡಿ ಬಂದಿದ್ದಾನೆ. ಕೆರೆಯ ಮಂಜುಗಡ್ಡೆ ಇನ್ನೂ ತೆಳು, ವಿಮಾನ ಇಳಿಸಲಾಗದು. ಈ ಕಾಗದದ ಚೀಲವನ್ನು ಮೇಲಿಂದಲೇ ಎಸೆದು ಹೋಗುತ್ತಾನೆ. ನಿನ್ನ ಕಣ್ಣಿಗೆ ಬೀಳಲೆಂದು ನನ್ನ ಕೆಂಪು ಶಾಲು ಕಟ್ಟಿದ್ದೇನೆ. ಸರಳು ತೂರಿಸಿ ನಳಿಗೆ ನೋಡುವ ತನಕ ಒಂದು ಗುಂಡೂ ಹಾರಿಸಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ನಾನು ಗುರಿ ತಪ್ಪಿರಲಿಲ್ಲ ಓರ್ವಿಲ್. ತಪ್ಪಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.